‘ನಾವು’ ಮನೆಯಲ್ಲೇ ಮಾಡುತ್ತೇವೆ

ಹೋದ ಭಾನುವಾರ ಮೊಮ್ಮಗುವನ್ನು ನೋಡಲು ಬಂದ ನೆಂಟರ ಮುಂದೆ ನನ್ನ ಮಗ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತು, “ಮಗುವಿಗೆ ಡಬ್ಬಿಯ ಆಹಾರ ತರುವುದೇ ಇಲ್ಲ. ನೆಲ ಒರೆಸುವುದಕ್ಕೆ ಫಿನಾಯಿಲ್ ಕೂಡ ತರುವುದಿಲ್ಲ. ಎಲ್ಲವನ್ನೂ ನಾವು ಮನೆಯಲ್ಲೇ ಮಾಡುತ್ತೇವೆ” ಎಂದ. ಒಳಗೆ ಕಾಫಿಗೆ ಡಿಕಾಕ್ಷನ್ ಬಗ್ಗಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಈ ‘ನಾವು’ ಎನ್ನುವುದು ಬಹಳ ಅನುಕೂಲದ ಪದ. ಹೇಳಿಕೊಳ್ಳುವ ಹೊತ್ತಿಗೆ ಬಹುವಚನ, ಮಾಡುವ ಹೊತ್ತಿಗೆ ಏಕವಚನ. ಆ ಏಕವಚನ ನಾನು.

ಅವನ ಕಂಪ್ಯೂಟರಿನಲ್ಲಿ ಇದಕ್ಕೆಂದೇ ಒಂದು ಲೆಕ್ಕದ ಹಾಳೆ ಇದೆ. ಬೆಲ್ಲ ಇಷ್ಟು, ರಾಗಿ ಇಷ್ಟು, ಅಂಗಡಿಯ ಬೆಲೆ ಇಷ್ಟು, ಉಳಿದದ್ದು ಇಷ್ಟು. ಉಳಿದದ್ದರ ಕೆಳಗೆ ಹಸಿರು ಬಣ್ಣ ಬಳಿದಿದ್ದಾನೆ.

ನೆಲ ಒರೆಸುವ ಬಯೋ ಎನ್‌ಜೈಮಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಬೆಂಗಳೂರಿನಲ್ಲಿ ಯಾವ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಿಂತರೂ ಅದು ಕಿವಿಗೆ ಬೀಳುತ್ತದೆ. ಒಂದು ಪಾಲು ಬೆಲ್ಲ, ಮೂರು ಪಾಲು ಕಿತ್ತಳೆ, ಮೂಸಂಬಿ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ತೆಗೆದು ಗಾಳಿ ಬಿಡಬೇಕು, ಇಲ್ಲದಿದ್ದರೆ ಡಬ್ಬಿ ಸಿಡಿಯುತ್ತದೆ. ಸಿಪ್ಪೆ ಬಿಟ್ಟಿ ಎಂದು ಹಾಳೆಯಲ್ಲಿದೆ. ನಮ್ಮ ರಸ್ತೆಯ ಜ್ಯೂಸ್ ಅಂಗಡಿಯವನಿಗೂ ಈ ವಿಷಯ ತಿಳಿದು, ಈಗ ಚೀಲಕ್ಕೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತಾನೆ.

ಮಗ ತಾನೇ ಮಾಡುವುದು ಒಂದೇ ಒಂದು. ಬೋರ್‌ವೆಲ್ ನೀರಿನ ಬಿಳಿ ಕಲೆ ಕೂತ ಸಿಂಕಿಗೆ ಅಡುಗೆ ಸೋಡಾ ಉದುರಿಸಿ, ಮೇಲೆ ವಿನಿಗರ್ ಸುರಿದು, ಬುಸ್ಸೆಂದು ನೊರೆ ಏಳುವುದನ್ನು ಕೈಕಟ್ಟಿ ನೋಡುತ್ತಾನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವಳ ಮಗ! ಆಮ್ಲಕ್ಕೂ ಕ್ಷಾರಕ್ಕೂ ಜಗಳ ಹಚ್ಚಿದರೆ ಎರಡೂ ಸುಸ್ತಾಗಿ, ಗಾಳಿಗೆ ಹೋದ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಒಂದಿಷ್ಟು ಉಪ್ಪುನೀರು ಉಳಿಯುತ್ತದೆ. ಬರೀ ವಿನಿಗರ್ ಹಾಕಿ ಹತ್ತು ನಿಮಿಷ ಬಿಡು ಎಂದರೆ, ಅದರಲ್ಲಿ ನೊರೆ ಬರುವುದಿಲ್ಲವಲ್ಲ ಎನ್ನುತ್ತಾನೆ.

ಇರಲಿ, ನಾನು ಹೇಳಹೊರಟಿದ್ದು ರಾಗಿ ಸರಿಯ ವಿಷಯ. ಆರು ತಿಂಗಳು ತುಂಬಿದ ಮೇಲೆ ಶುರುಮಾಡಿ, ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಜೇನುತುಪ್ಪ ಬೇಡ ಎಂದು ಡಾಕ್ಟರು ಹೇಳಿದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಸೊಸೆ ಓದಿ ಹೇಳಿದಳು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಇಂಡಾಫ್ ತಳಿಯ ರಾಗಿ ಬೆಳೆಯುತ್ತಿದ್ದ ಮನೆಯಿಂದ ಬಂದ ನನಗೆ! ಆದರೂ ಹೂಂಗುಟ್ಟಿದೆ. ನೆನೆಹಾಕಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಷ್ಟೇ ಹುರಿದು, ಒಂದು ಕಿಲೋ ರಾಗಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಿಡಿದು ಗಿರಣಿ ಹುಡುಕಿಕೊಂಡು ಹೊರಟೆ.

ಬೆಂಗಳೂರಿನಲ್ಲಿ ಈಗ ಗಿರಣಿ ಹುಡುಕುವುದು ಗುಬ್ಬಚ್ಚಿ ಹುಡುಕಿದ ಹಾಗೆ. ನಮ್ಮ ಅಡ್ಡರಸ್ತೆಯದು ಕೇಕ್ ಅಂಗಡಿಯಾಗಿದೆ. ಬಸವನಗುಡಿಯ ಕಡೆ ಒಂದಿದೆ ಎಂದರು. ಆಟೋದ ಕನಿಷ್ಠ ದರ 36 ರೂಪಾಯಿ, ಆತ ಕೇಳಿದ್ದು ಎಂಬತ್ತು. ಗಿರಣಿಯಲ್ಲಿ ಎರಡು ಯಂತ್ರ, ಒಂದು ಹಿಟ್ಟಿಗೆ, ಒಂದು ಖಾರಕ್ಕೆ. ಹಿಟ್ಟಿನದರ ಬೆಲ್ಟ್ ಕಿತ್ತುಹೋಗಿತ್ತು. “ಖಾರದ್ದರಲ್ಲೇ ನಾಲ್ಕು ಹಿಡಿ ಅಕ್ಕಿ ಹಾಕಿ ತೊಳೆದು ಕೊಡುತ್ತೇನೆ ಅಮ್ಮ, ಏನೂ ಆಗುವುದಿಲ್ಲ” ಎಂದ. ಹಲ್ಲು ಬಾರದ ಮಗುವಿಗೆ ಬ್ಯಾಡಗಿಯ ರುಚಿ ತೋರಿಸುವ ಧೈರ್ಯ ನನಗಿರಲಿಲ್ಲ. ಸೀನುತ್ತಾ ವಾಪಸು ಬಂದೆ. ಮರುದಿನ ಹೋದರೆ ಕರೆಂಟ್ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ, ಷಟರ್ ಎತ್ತುವ ಮೊದಲೇ ಹೋಗಿ ನಿಂತೆ.

“ಒಂದು ಕಿಲೋಗೆ ಯಂತ್ರ ಹಾಕುವುದಿಲ್ಲ. ಕಡಿಮೆ ಎಂದರೆ ಎರಡು ಬೇಕು.”

ಪಕ್ಕದಲ್ಲಿ ನನ್ನ ವಯಸ್ಸಿನದೇ ಇನ್ನೊಂದು ಹೆಂಗಸು, ಇಂಥದೇ ಇನ್ನೊಂದು ಡಬ್ಬಿ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಮೊಮ್ಮಗುವಿಗಾ?” ಎಂದರು. “ಹೌದು, ನಿಮ್ಮದೂ?” ಎಂದೆ. ಮುಚ್ಚಳ ತೆಗೆದು ಪರಸ್ಪರ ಪರೀಕ್ಷೆ ನಡೆಯಿತು. ಅವರ ರಾಗಿ ಒಂದು ಸುತ್ತು ಹೆಚ್ಚೇ ಹುರಿದಿತ್ತು. ನನ್ನದರ ಮೊಳಕೆ ಗಿಡ್ಡವಾಯಿತು ಎಂದು ಅವರಿಗೆ ಅನ್ನಿಸಿತೆಂದು ಕಾಣುತ್ತದೆ, ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿ, ಏನೂ ಹೇಳದೆ ವಾಪಸು ಹಾಕಿದರು. ಆ ಮೌನ ಇನ್ನೂ ನನಗೆ ಚುಚ್ಚುತ್ತದೆ. ಆದರೂ ಎರಡನ್ನೂ ಕೂಡಿಸಿ ಬೀಸಿಸಿದೆವು. ಬಿಸಿ ಹಿಟ್ಟು ಆರುವವರೆಗೆ ಮೆಟ್ಟಿಲ ಮೇಲೆ ಕುಳಿತು ಮೊಣಕಾಲಿನಿಂದ ಹಿಡಿದು ಸೊಸೆಯವರೆಗೆ ಎಲ್ಲ ಮಾತಾಡಿದೆವು. ಎದ್ದು ಹೋಗುವಾಗ ಅವರು, “ಮನೆಯಲ್ಲಿ ಮಗ ಎಲ್ಲರಿಗೂ ಹೇಳಿಕೊಂಡು ಬರುತ್ತಾನೆ, ನಾವೇ ಮಾಡುತ್ತೇವೆ ಅಂತ” ಎಂದರು. ನನಗೆ ಎಷ್ಟು ನಗು ಬಂತೆಂದರೆ ಡಬ್ಬಿ ಕೈಜಾರುವುದರಲ್ಲಿತ್ತು.

ಮನೆಗೆ ಬಂದು ಪಾತ್ರೆಯ ಬಾಯಿಗೆ ಹಳೆಯ ಮಲ್ ಪಂಚೆಯನ್ನು ಸಡಿಲವಾಗಿ ಕಟ್ಟಿ, ಹಿಟ್ಟು ಸುರಿದು, ಅಂಗೈಯಿಂದ ಮೆಲ್ಲಗೆ ಆಡಿಸುತ್ತಾ ಮಧ್ಯಾಹ್ನ ಕಳೆದೆ. ಹೊಟ್ಟು ಮೇಲೆ, ಮುಖಕ್ಕೆ ಹಚ್ಚುವ ಪೌಡರಿನಂಥ ಹಿಟ್ಟು ಕೆಳಗೆ. ಅರ್ಧ ಕಿಲೋ ಆಗಲಿಲ್ಲ. ರಾತ್ರಿ ಮಗನಿಗೆ ಆಟೋದ ದುಡ್ಡನ್ನೂ ಹಾಳೆಯಲ್ಲಿ ಬರೆದುಕೋ ಎಂದೆ. “ಅದನ್ನೆಲ್ಲ ಸೇರಿಸಿದರೆ ಲೆಕ್ಕ ಕೆಡುತ್ತದೆ ಅಮ್ಮ” ಎಂದ. ರಾಗಿ ಸರಿ ತಿಂದ ಮಗು ಎರಡು ಚಮಚ ನುಂಗಿ, ಮೂರನೆಯದನ್ನು ಅವನ ಅಂಗಿಯ ಮೇಲೆ ಉಗುಳಿತು. ಜಾಣ ಮಗು.

ಇಷ್ಟು ಬರೆಯುವ ಹೊತ್ತಿಗೆ ಬೆಳಿಗ್ಗೆ ಹನ್ನೊಂದಾಯಿತು. ಸಿಪ್ಪೆಯ ಡಬ್ಬಿಯ ಮುಚ್ಚಳವನ್ನು ನಿನ್ನೆಯೂ ತೆಗೆಯಲಿಲ್ಲ, ಇವತ್ತೂ ತೆಗೆದಿಲ್ಲ. ಬಾಲ್ಕನಿಯಲ್ಲಿ ಅದರ ಹೊಟ್ಟೆ ಉಬ್ಬಿಕೊಂಡಿರುವುದು ಇಲ್ಲಿಂದಲೇ ಕಾಣುತ್ತಿದೆ. ಸಂಜೆ ಏಳಕ್ಕೆ ‘ನಾವು’ ಕಚೇರಿಯಿಂದ ಬರುತ್ತೇವಲ್ಲ, ತೆಗೆಯುತ್ತೇವೆ.