ಕಾರ್ಬನ್ ಗಿಟಾರಿಗೆ ಶ್ರುತಿ ಬೇಡವಂತೆ

"ಇದಕ್ಕೆ ಶ್ರುತಿ ಮಾಡೋದೇ ಬೇಡವಂತೆ!"

ಕಾರ್ಬನ್ ಫೈಬರಿನ ದುಬಾರಿ ಗಿಟಾರ್ ಕೊಂಡು ಇನ್ನೂ ವಾರ ಕಳೆಯದವರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ಆ "ಬೇಡವಂತೆ"ಯಲ್ಲಿ ಇರುವ "ಅಂತೆ" ಯಾರದ್ದು ಎಂದು ಕೇಳಬೇಡಿ. ಅಂಗಡಿಯವನು ಒಂದು ಹೇಳಿರುತ್ತಾನೆ, ಇವರು ಇನ್ನೊಂದು ಕೇಳಿಸಿಕೊಂಡಿರುತ್ತಾರೆ. ಹೇಳಿ ಮುಗಿಸಿದವರು ಎಡಗೈಯ ಬೆರಳುಗಳನ್ನು ಒಂದೊಂದಾಗಿ ಎತ್ತಿಟ್ಟು, ನಾಲಿಗೆ ಹೊರಗೆ ಚಾಚಿ, ಜಿ ಕಾರ್ಡಿನ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪಿಗೆ ಕಾರ್ಡು ಅನ್ನುತ್ತಾರೆ) ಆಕಾರಕ್ಕೆ ಬಂದು, ಬಲಗೈಯಲ್ಲಿ ಆರೂ ತಂತಿಗಳನ್ನು ಒಟ್ಟಿಗೇ ಬಾರಿಸುತ್ತಾರೆ. ಆರು ತಂತಿ, ಆರು ದಿಕ್ಕು. ಎದುರಿಗಿದ್ದವರ ಹಲ್ಲು ಜುಮ್ಮೆನ್ನುತ್ತದೆ. "ಶ್ರುತಿ ಹೋದ ಹಾಗಿದೆಯಲ್ಲ" ಎಂದರೆ ಮುಖದಲ್ಲಿ ಒಂದು ಕನಿಕರದ ನಗು. "ಇಲ್ಲ ಇಲ್ಲ, ಇದು ಕಾರ್ಬನ್."

ಹೌದಪ್ಪಾ, ಗಿಟಾರು ಕಾರ್ಬನ್ನೇ. ತಂತಿ ಉಕ್ಕಿನದಲ್ಲವೇ?

ಅಂಗಡಿಯವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಮರದ ಗಿಟಾರ್ ಉಸಿರಾಡುವ ಪ್ರಾಣಿಯಿದ್ದಂತೆ. ಗಾಳಿಯ ತೇವಾಂಶ ಶೇ. 45ರಿಂದ 55ರ ನಡುವೆ ಇದ್ದರೆ ಅದಕ್ಕೆ ಸುಖ. ಒಣಗಿದರೆ ಮೇಲ್ಹಲಗೆ ಕುಗ್ಗುತ್ತದೆ, ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್ಟುಗಳ, ತುದಿ ಹೊರಗೆ ಚಾಚಿ ಕೈ ಗೀರುತ್ತದೆ, ಮಿತಿ ಮೀರಿದರೆ ಹಲಗೆ ಸೀಳುತ್ತದೆ. ತೇವ ಹೆಚ್ಚಾದರೆ ಹೊಟ್ಟೆ ಉಬ್ಬಿಸಿಕೊಂಡು ತಂತಿಗಳನ್ನು ಮೇಲಕ್ಕೆತ್ತುತ್ತದೆ. ಹೀಗೆ ಮೈ ಅಲುಗಿದಾಗಲೆಲ್ಲ ಶ್ರುತಿಯೂ ಅಲುಗುತ್ತದೆ. ಇಂಗಾಲದ ಎಳೆಗಳನ್ನು ರಾಳದಲ್ಲಿ ಅದ್ದಿ, ಅಚ್ಚಿನಲ್ಲಿ ಹಾಕಿ ಗಟ್ಟಿ ಮಾಡಿದ ಮೈಗೆ ಈ ರಗಳೆಯಿಲ್ಲ. ಅಲ್ಲಿಯವರೆಗೆ ಸರಿ. ಆದರೆ ಬಿಸಿಲು ಬಿದ್ದಾಗ ಉಕ್ಕಿನ ತಂತಿ ಹಿಗ್ಗುತ್ತದೆ, ಕಾರ್ಬನ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ತಂತಿ ಸಡಿಲಾಯಿತು, ಶ್ರುತಿ ಇಳಿಯಿತು. ಕೋಣೆ 10 ಡಿಗ್ರಿ ಬಿಸಿಯಾದರೆ ಸಾಕು, ಕಿವಿಗೆ ಗೊತ್ತಾಗುವಷ್ಟು ಇಳಿಯುತ್ತದೆ. ಜೊತೆಗೆ ಹೊಸ ತಂತಿ ಬಿರಡೆಗೆ ಸುತ್ತಿಕೊಂಡ ಕಡೆ ಇಷ್ಟಿಷ್ಟೇ ಜಾರಿ ಬಿಗಿಯಾಗುವವರೆಗೆ, ಅಂದರೆ ಮೊದಲ ಎರಡು ಮೂರು ದಿನ, ಗಂಟೆಗೊಮ್ಮೆ ಶ್ರುತಿ ಬಿಡುವುದು ಮಾಮೂಲು. "ಕಡಿಮೆ ತಪ್ಪುತ್ತದೆ" ಎಂಬ ಮಾತು ಅಂಗಡಿಯ ಬಾಗಿಲು ದಾಟುವಷ್ಟರಲ್ಲಿ "ತಪ್ಪುವುದೇ ಇಲ್ಲ" ಆಗಿ, ಮನೆ ತಲುಪುವಷ್ಟರಲ್ಲಿ "ಮಾಡೋದೇ ಬೇಡ" ಆಗಿರುತ್ತದೆ.

ಅಷ್ಟಕ್ಕೂ ಒಂದು ಕಾರ್ಡೂ ಬಾರದವರು ನೇರವಾಗಿ ಇಂಥ ಗಿಟಾರಿಗೇ ಏಕೆ ಕೈಹಾಕುತ್ತಾರೆ? ಜಾಹೀರಾತಿನ ಚಿತ್ರ ನೋಡಿ. ಹಿಮದ ಬೆಟ್ಟದ ಮೇಲೆ ಗಿಟಾರ್, ದೋಣಿಯಲ್ಲಿ ಗಿಟಾರ್, ಸುರಿಯುವ ಮಳೆಯಲ್ಲಿ ಗಿಟಾರ್. ಕೊಂಡ ಮೇಲೆ ಅದು ಮಾಡುವ ಅತಿ ದೂರದ ಪ್ರಯಾಣ ಮಂಚದಿಂದ ಕುರ್ಚಿಗೆ. ಆದರೂ ಯಾವತ್ತಾದರೂ ದೋಣಿ ಹತ್ತಬೇಕಾಗಿ ಬಂದರೆ ಇರಲಿ ಎಂಬ ಮುಂಜಾಗ್ರತೆ.

ಮರವಲ್ಲದ ಗಿಟಾರ್ ಏನೂ ನಿನ್ನೆಯ ಹುಚ್ಚಲ್ಲ. ಸ್ಪೇನಿನ ಆಂಟೋನಿಯೊ ದೆ ತೋರೆಸ್ 1862ರಲ್ಲಿ ಹಿಂಬದಿಯನ್ನೂ ಪಕ್ಕಗಳನ್ನೂ ಬರೀ ರಟ್ಟಿನಿಂದ ಮಾಡಿ, ನಾದ ಹೊರಡುವುದು ಮುಖ್ಯವಾಗಿ ಮೇಲ್ಹಲಗೆಯಿಂದ ಎಂದು ತೋರಿಸಿದ. ಮಾರಿಯೊ ಮಕ್ಕಾಫೆರಿ 1950ರ ದಶಕದಲ್ಲಿ ಪ್ಲಾಸ್ಟಿಕ್ ಗಿಟಾರ್ ಮಾಡಿದ. ಹೆಲಿಕಾಪ್ಟರ್ ತಯಾರಿಸುತ್ತಿದ್ದ ಚಾರ್ಲ್ಸ್ ಕಮಾನ್ 1960ರ ದಶಕದಲ್ಲಿ ಗಾಜಿನ ನಾರಿನ ದುಂಡು ಬೆನ್ನಿನ ಓವೇಷನ್ ಗಿಟಾರ್ ತಂದ. ನಾದ ಚೆನ್ನಾಗಿದೆ, ಆದರೆ ಬಟ್ಟಲಿನಂಥ ಆ ಬೆನ್ನು ತೊಡೆಯ ಮೇಲೆ ಕೂರುವುದಿಲ್ಲ, ಜಾರುತ್ತದೆ. ಆಮೇಲೆ ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಬಳಸುವ ಬೀಟೆ ಮರದ ಸರದಿ. 2017ರಲ್ಲಿ ಆ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಕಡಿವಾಣ ಬಿತ್ತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ, ಬ್ರೆಜಿಲಿನ ಬೀಟೆಗೆ ಆ ಭಾಗ್ಯ ಇಲ್ಲ. ಅಂತೂ ಬದಲಿ ವಸ್ತುಗಳಿಗೆ ಬೆಲೆ ಬರುವುದಕ್ಕೆ ತಕ್ಕ ಕಾರಣಗಳಿವೆ. ಒಂದು ಎಚ್ಚರ ಮಾತ್ರ ಬೇಕು. ಕಾಗದದ ಹಾಳೆಗಳನ್ನು ರಾಳದಲ್ಲಿ ಒತ್ತಿ ಮಾಡುವ ಎಚ್‌ಪಿಎಲ್ ಕೂಡ "ಬದಲಿ ವಸ್ತು"ವೇ. ಅಡುಗೆಮನೆಯ ಕಟ್ಟೆಗೆ ಅಂಟಿಸುತ್ತಾರಲ್ಲ, ಅದರ ದಾಯಾದಿ. ಕೆಟ್ಟದ್ದಲ್ಲ, ಗಟ್ಟಿಮುಟ್ಟು, ಆದರೆ ಅದಕ್ಕೆ ಕಾರ್ಬನ್ನಿನ ಬೆಲೆ ತೆತ್ತರೆ ತಪ್ಪು ಕಾಗದದ್ದಲ್ಲ.

ಶ್ರುತಿಯ ವಿಷಯಕ್ಕೆ ಮರಳೋಣ. ಹೇಗೋ ಹೇಳಿ, ಕಾಡಿ, ಬೇಡಿ, ಇವರಿಂದ ಶ್ರುತಿಯ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಟ್ಯೂನರ್ ಕೊಳ್ಳಿಸಿದಿರಿ ಅನ್ನಿ. ನಾಟಕ ಶುರುವಾಗುವುದೇ ಆಗ.

ಟ್ಯೂನರನ್ನು ಗಿಟಾರಿನ ತಲೆಗೆ ಕ್ಲಿಪ್ಪಿನಂತೆ ಸಿಕ್ಕಿಸಿದರು. ಅತಿ ತೆಳ್ಳಗಿನ ಮೊದಲನೆಯ ತಂತಿ ಮೀಟಿದರು. ಅದು ಇ, ಸೆಕೆಂಡಿಗೆ ಸುಮಾರು 330 ಸಲ ಕಂಪಿಸಬೇಕು. ಮುಳ್ಳು ಒಂದಿಷ್ಟು ಎಡಕ್ಕಿದೆ, ಅಂದರೆ ಶ್ರುತಿ ಇಳಿದಿದೆ, ಬಿಗಿ ಮಾಡಬೇಕು. ಇಷ್ಟು ಗೊತ್ತು. ಯಾವ ಬಿರಡೆ? ಗಿಟಾರನ್ನು ನಿಮ್ಮ ಮುಂದೆ ನೆಟ್ಟಗೆ ನಿಲ್ಲಿಸಿದರೆ ಬಲಗಡೆಯ ಸಾಲಿನಲ್ಲಿ ಮೂರು ಬಿರಡೆ. ಮೊದಲನೆಯ ತಂತಿಗೆ ಮೇಲಿಂದ ಮೊದಲನೆಯ ಬಿರಡೆ ಎಂದು ಇವರ ಲೆಕ್ಕ. ಲೆಕ್ಕ ಚೆನ್ನಾಗಿದೆ, ಆದರೆ ಗಿಟಾರ್ ಮಾಡಿದವರು ಅದನ್ನು ಕೇಳಿಲ್ಲ. ಆ ಸಾಲಿನಲ್ಲಿ ಮೇಲಿಂದ ಕೆಳಕ್ಕೆ ಇರುವುದು ಮೂರು, ಎರಡು, ಒಂದು. ಕೈ ಈಗ ಮೂರನೆಯ ತಂತಿಯ ಕಿವಿ ಹಿಡಿದಿದೆ, ಮೀಟುತ್ತಿರುವುದು ಮೊದಲನೆಯದನ್ನು.

ಮೀಟಿದರು, ತಿರುಗಿಸಿದರು. ಮುಳ್ಳು ಅಲ್ಲೇ ಇದೆ. ಇನ್ನೊಂದು ಸುತ್ತು. ಮುಳ್ಳು ಅಲ್ಲೇ. ಮರದ ಗಿಟಾರಾಗಿದ್ದರೆ ಒಂದು ತಂತಿ ಬಿಗಿದಾಗ ಹಲಗೆಯೂ ಕತ್ತೂ ಕೂದಲೆಳೆಯಷ್ಟು ಬಾಗಿ, ಉಳಿದ ತಂತಿಗಳ ಶ್ರುತಿ ಸ್ವಲ್ಪವಾದರೂ ಇಳಿದು, "ಅಯ್ಯಾ, ಏನೋ ಎಡವಟ್ಟಾಗಿದೆ" ಎಂಬ ಸುಳಿವು ಕೊಡುತ್ತಿತ್ತು. ಕಾರ್ಬನ್ ಬಾಗುವುದು ಅದಕ್ಕಿಂತ ಕಡಿಮೆ. ಮುಳ್ಳು ಋಷಿಯ ಹಾಗೆ ಕೂತಿದೆ. ಇವರ ಮುಖದಲ್ಲಿ ಅನುಮಾನದ ಬದಲು ಭಕ್ತಿ ಮೂಡುತ್ತದೆ. ನೋಡಿ, ಇಷ್ಟು ತಿರುಗಿಸಿದರೂ ಅಲುಗುತ್ತಿಲ್ಲ, ಇದಪ್ಪಾ ಸ್ಥಿರತೆ ಅಂದರೆ! ಕೊಟ್ಟ ದುಡ್ಡು ಸಾರ್ಥಕ. ಮೂರನೆಯ ಸುತ್ತು. ಬಿರಡೆ ಕಿರ್ ಅನ್ನುತ್ತದೆ, ಅದು ಹೊಸತನದ ಬಿಗಿ. ನಾಲ್ಕನೆಯ ಸುತ್ತು. ಪಕ್ಕದಲ್ಲಿದ್ದವರು ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿಸುತ್ತಾರೆ.

ಟಣ್!

ಮೂರನೆಯ ತಂತಿಯ ಹೊರಗೆ ಸುತ್ತು ಇದೆ, ದಪ್ಪ 0.024 ಇಂಚು. ನೋಡಲು ಮೊದಲನೆಯದಕ್ಕಿಂತ ಗಟ್ಟಿ. ಆದರೆ ಎಳೆತವನ್ನೆಲ್ಲ ಹೊರುವುದು ಒಳಗಿನ ತೆಳ್ಳನೆಯ ಉಕ್ಕಿನ ಎಳೆ. ಮೇಲಿನದು ಬರೀ ಅಂಗಿ. ಆ ಎಳೆಯ ಮಿತಿ ಹೆಚ್ಚೇನಿಲ್ಲ. ಬಿರಡೆಯ ಹಲ್ಲುಗಳ ಅನುಪಾತ 18ಕ್ಕೆ 1 ಇದ್ದರೆ, ಒಂದು ಸುತ್ತಿಗೆ ಸುಮಾರು ಒಂದು ಮಿಲಿಮೀಟರ್ ತಂತಿ ಒಳಗೆ ಹೋಗುತ್ತದೆ. ನಾಲ್ಕೈದು ಮಿಲಿಮೀಟರ್ ಸಾಕು, ಪ್ರಾಣ ಹೋಗಲು. ತುಂಡಾದ ತುದಿ ಚಾಟಿಯ ಹಾಗೆ ಬೀಸುತ್ತದೆ, ಹಾಗಾಗಿ ಶ್ರುತಿ ಮಾಡುವಾಗ ಮುಖವನ್ನು ತಂತಿಗಳ ಮೇಲೆ ಬಾಗಿಸಬಾರದು. ಇಷ್ಟೆಲ್ಲ ಆದ ಮೇಲೆ ಬರುವ ಮಾತು ಏನು ಗೊತ್ತೇ? "ತಂತಿಯನ್ನೂ ಕಾರ್ಬನ್ನಿನಲ್ಲೇ ಮಾಡಬೇಕಿತ್ತು."

ಮಾಡಬೇಕಾದ್ದು ಬಹಳ ಸರಳ. ಮೀಟಿದ ತಂತಿಯನ್ನು ಬೆರಳಿನಿಂದ ಹಿಂಬಾಲಿಸಿ, ಅದು ಯಾವ ಕಂಬಕ್ಕೆ ಸುತ್ತಿದೆಯೋ ನೋಡಿ, ಅದೇ ಕಂಬದ ಬಿರಡೆ ಹಿಡಿಯಬೇಕು. ಅರ್ಧ ಸುತ್ತಿಗೆ ಮುಳ್ಳು ಅಲ್ಲಾಡದಿದ್ದರೆ ಅಲ್ಲೇ ನಿಲ್ಲಬೇಕು. ಶ್ರುತಿ ಏರಿದ್ದರೆ ಒಮ್ಮೆ ಚೆನ್ನಾಗಿ ಇಳಿಸಿ, ಮತ್ತೆ ಕೆಳಗಿನಿಂದ ಏರಿಸಿಯೇ ನಿಲ್ಲಿಸಬೇಕು. ಮೇಲಿನಿಂದ ಇಳಿಸಿ ಬಿಟ್ಟರೆ ಹಲ್ಲುಗಳ ನಡುವಿನ ಸಡಿಲ ಉಳಿದು ತಂತಿ ಮತ್ತೆ ಜಾರುತ್ತದೆ.

ಇನ್ನೊಂದು ಜಾತಿಯವರಿದ್ದಾರೆ. ತೇವಾಂಶದ ಕಾಟ ಬೇಡವೆಂದೇ ಕಾರ್ಬನ್ ಕೊಂಡು, ಆಮೇಲೆ ಮರದ ಗಿಟಾರಿನವರ ಉಪದೇಶ ಓದಿ, ಕೇಸಿನೊಳಗೆ ಒದ್ದೆ ಸ್ಪಂಜಿನ ಡಬ್ಬಿ ಇಡುತ್ತಾರೆ. ಗಿಟಾರಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ತಂತಿಗಳಿಗೆ ಮಾತ್ರ ತಿಂಗಳೊಳಗೆ ತುಕ್ಕು. ಅವಕ್ಕೆ ಬೇಕಿರುವುದು ನುಡಿಸಿದ ಮೇಲೆ ಬೆವರು ಒರೆಸುವ ಒಂದು ಒಣಬಟ್ಟೆ, ಅಷ್ಟೇ.

ಬೆರಳು ನೋವಿನ ವಿಷಯ ಬೇರೆ. ಮೊದಲ ಮೂರು ನಾಲ್ಕು ವಾರ ತುದಿ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ಅದಕ್ಕೆ ಯಾವ ವಸ್ತುವಿನಲ್ಲೂ ಔಷಧವಿಲ್ಲ. ಆದರೆ ತಂತಿಯೇ ಎತ್ತರ ಕೂತಿದ್ದರೆ ಆ ನೋವಿಗೆ ಅರ್ಥವಿಲ್ಲ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಅಳೆಯಿರಿ. ದಪ್ಪ ತಂತಿ 2.4, ತೆಳು ತಂತಿ 1.8 ಮಿಲಿಮೀಟರಿನ ಆಸುಪಾಸು ಇದ್ದರೆ ಹಿತ. ದಪ್ಪ ತಂತಿ 3 ದಾಟಿದ್ದರೆ ಸರಿಮಾಡಿಸಿ. ಇಲ್ಲಿ ಕಾರ್ಬನ್ನಿನ ಒಂದು ಹಟವಿದೆ. ಮರದ ಕತ್ತಿನೊಳಗೆ ಸಾಮಾನ್ಯವಾಗಿ ಟ್ರಸ್ ರಾಡ್ ಎಂಬ ಸರಳು ಇರುತ್ತದೆ, ತಿರುಗಿಸಿ ಬಾಗು ಹೆಚ್ಚುಕಡಿಮೆ ಮಾಡಬಹುದು. ಅನೇಕ ಕಾರ್ಬನ್ ಗಿಟಾರುಗಳಲ್ಲಿ ಅದು ಇಲ್ಲವೇ ಇಲ್ಲ. ಅಚ್ಚಿನಲ್ಲಿ ಬಂದ ಬಾಗೇ ಕೊನೆಯವರೆಗೆ. ಹಾಗಾಗಿ ಉಳಿಯುವುದು ಸ್ಯಾಡಲಿನ, ಅಂದರೆ ಮೇಲ್ಹಲಗೆಯ ಕಡೆ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ, ತಳ ಉಜ್ಜುವ ದಾರಿ. ಫ್ರೆಟ್ಟಿನ ಮೇಲೆ 0.5 ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ 1 ಮಿಲಿಮೀಟರ್ ಸವೆಯಬೇಕು, ಏಕೆಂದರೆ ಹನ್ನೆರಡನೆಯ ಫ್ರೆಟ್ಟು ತಂತಿಯ ನಟ್ಟನಡುವೆ ಇದೆ. ಉತ್ಸಾಹದಲ್ಲಿ ಉಜ್ಜಿ ಉಜ್ಜಿ ಅರ್ಧ ಮಾಡಿದವರಿಗೆ ಹೊಸ ಸ್ಯಾಡಲೇ ಗತಿ. ಇನ್ನು ಎಫ್ ಕಾರ್ಡಿನಲ್ಲಿ ಮಾತ್ರ ಪ್ರಾಣ ಹೋಗುತ್ತಿದ್ದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ, ಅಂದರೆ ನಟ್ಟಿನ, ಗೀರುಗಳನ್ನು ಅನುಮಾನಿಸಿ. ಮೂರನೆಯ ಫ್ರೆಟ್ಟಿನ ಹಿಂದೆ ತಂತಿ ಒತ್ತಿ ಹಿಡಿದಾಗ ಮೊದಲನೆಯ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಸಂದು ಕಾಣಬೇಕು. ಪೋಸ್ಟ್‌ಕಾರ್ಡು ತೂರುವಂತಿದ್ದರೆ ನಟ್ ಎತ್ತರ. ಇದನ್ನು ಕೊಳ್ಳುವ ಮುಂಚೆ, ಅಂಗಡಿಯಲ್ಲೇ ನೋಡಿಕೊಂಡರೆ ಅರ್ಧ ನಿಮಿಷದ ಕೆಲಸ. ಯಾರೂ ನೋಡುವುದಿಲ್ಲ. ಎಲ್ಲರೂ ಬೆನ್ನು ತಟ್ಟಿ "ಗಟ್ಟಿ ಇದೆ" ಅನ್ನುತ್ತಾರೆ, ತೆಂಗಿನಕಾಯಿ ಕೊಳ್ಳುವವರ ಹಾಗೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮರದ ಗಿಟಾರಿನಲ್ಲಿ ನೆಲ ನಿಜವಾಗಿಯೂ ಡೊಂಕಾಗಬಹುದು. ಹವೆ ಒಣಗಿದೆ, ಕತ್ತು ಬಾಗಿದೆ, ಹೊಟ್ಟೆ ಉಬ್ಬಿದೆ, ಎಷ್ಟೊಂದು ನೆಪ! ಕಾರ್ಬನ್ ಕೊಂಡವರು ಕೈಯಾರೆ ದುಡ್ಡು ಕೊಟ್ಟು ಆ ನೆಪಗಳನ್ನೆಲ್ಲ ಕಳೆದುಕೊಂಡಿರುತ್ತಾರೆ. ಅದು ಸಾಲದೆಂಬಂತೆ ನಾದವೂ ಹೆಚ್ಚು ಹೊತ್ತು ನಿಲ್ಲುತ್ತದೆ. ಮರ ಕಂಪನವನ್ನು ಒಂದಿಷ್ಟು ಒಳಗೆ ನುಂಗಿಕೊಳ್ಳುತ್ತದೆ, ಅದರ ಜೊತೆಗೆ ನಿಮ್ಮ ತಪ್ಪನ್ನೂ. ಕಾರ್ಬನ್ನಿಗೆ ಅಂಥ ದಾಕ್ಷಿಣ್ಯವಿಲ್ಲ. ತಪ್ಪು ಸ್ವರ ಗಂಟೆ ಹೊಡೆದಂತೆ ಮೊಳಗಿ, ನೀವು ಮುಂದಿನ ತಪ್ಪಿಗೆ ಹೋದರೂ ಹಿಂದಿನದು ಇನ್ನೂ ಕೇಳುತ್ತಿರುತ್ತದೆ.

ಮರಕ್ಕೆ ಇನ್ನೊಂದು ಗುಣವಿದೆ, ಅದನ್ನು ಹೇಳದೆ ಹೋದರೆ ಅನ್ಯಾಯ. ವರ್ಷಗಟ್ಟಲೆ ನುಡಿಸಿದ ಮರದ ಗಿಟಾರಿನ ಮೇಲ್ಹಲಗೆ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಮುಂಗೈ ಊರುವ ಕಡೆ ಹೊಳಪು ಸವೆದಿರುತ್ತದೆ. ನುಡಿಸದೆ ಬಿಟ್ಟರೂ ಅದು ಸುಮ್ಮನಿರುವುದಿಲ್ಲ, ಒಣಗಿ ಬಿರುಕು ಬಿಟ್ಟು ದೂರುತ್ತದೆ. ಕಾರ್ಬನ್ ಗಿಟಾರನ್ನು ಮಂಚದ ಕೆಳಗೆ ತಳ್ಳಿ ಐದು ವರ್ಷ ಮರೆತುಬಿಡಿ. ಕೇಸ್ ತೆಗೆದರೆ ಅದೇ ಕಪ್ಪು, ಅದೇ ಹೊಳಪು, ಇವತ್ತು ಬೆಳಿಗ್ಗೆ ಕೊಂಡ ಹಾಗೆ. ಒಂದು ದೂರಿಲ್ಲ. ತಂತಿಗಳ ಮೇಲೆ ಮಾತ್ರ ಕಂದು ತುಕ್ಕು, ಬೆರಳಿಗೆ ಪುಡಿಪುಡಿಯಾಗಿ ಹತ್ತುತ್ತದೆ. ಆ ತುಕ್ಕು ನೋಡಿದಾಗ ಯಾಕೋ ಗಂಟಲು ಕಟ್ಟುತ್ತದೆ.

ಬದಲಾಯಿಸಬೇಕು. 12ರಿಂದ 53ರ (ತೆಳು ತಂತಿಯಿಂದ ದಪ್ಪ ತಂತಿಯವರೆಗಿನ ದಪ್ಪ, ಇಂಚಿನ ಸಾವಿರದ ಒಂದಂಶದ ಲೆಕ್ಕದಲ್ಲಿ) ಲೈಟ್ ಸೆಟ್ ಸಾಕು, ಬೆರಳು ತೀರಾ ಎಳಸಾಗಿದ್ದರೆ 10ರಿಂದ 47. ಕಂಬದಿಂದಾಚೆ ಐದಾರು ಸೆಂಟಿಮೀಟರ್ ಸಡಿಲ ಬಿಟ್ಟು ಎರಡು ಮೂರು ಸುತ್ತು ಬರುವಂತೆ ಸುತ್ತಿ, ಒಂದೊಂದನ್ನೂ ಬೆರಳಿನಲ್ಲಿ ಮೆಲ್ಲಗೆ ಎಳೆದು ಮತ್ತೆ ಶ್ರುತಿಗೆ ತನ್ನಿ. ಹಾಂ, ಅಂಗಡಿಯಲ್ಲಿ ಸೆಟ್ಟಿನ ಜೊತೆ ಮೂರನೆಯ ತಂತಿಯನ್ನು ಬಿಡಿಯಾಗಿ ಇನ್ನೂ ಎರಡು ಕೊಡಿ ಎಂದು ಕೇಳಿ. ಏಕೆಂದು ಅವನು ಕೇಳುವುದಿಲ್ಲ.