ಕ್ನಿಶ್ ಸಪ್ಪೆ ಅನ್ನೋರಿಗೆ

ನ್ಯೂಯಾರ್ಕ್‌ಗೆ ಬಂದ ನೆಂಟರಿಗೆ ಇಲ್ಲಿನ ಕ್ನಿಶ್ ಅನ್ನೋ ಯಹೂದಿ ತಿಂಡಿ ಕೊಡಿಸಿದಾಗಲೆಲ್ಲ ಒಂದೇ ಮಾತು, ಸಪ್ಪೆ ಅಂತ. ಹೋದ ವಾರ ನಮ್ಮ ಭಾವನೂ ಅದನ್ನೇ ಅಂದ್ರು: "ಇದೇನಮ್ಮ, ಒಗ್ಗರಣೆ ಹಾಕೋದು ಮರೆತ ಆಲೂಗಡ್ಡೆ ಪಲ್ಯ!"

ನಾನು ಒಪ್ಪಲ್ಲ. ಸಮೋಸಾನ ಮನಸ್ಸಲ್ಲಿ ಇಟ್ಕೊಂಡು ತಿಂದ್ರೆ ಕ್ನಿಶ್ ಸೋಲಲೇಬೇಕು. ಪೂರ್ವ ಯುರೋಪಿನ ಬಡ ಯಹೂದಿಗಳು ಹೊಟ್ಟೆ ತುಂಬ್ಲಿ ಅಂತ ಮಾಡ್ಕೊಂಡ ತಿಂಡಿ ಇದು. ತೆಳ್ಳಗಿನ ಹಿಟ್ಟಿನ ಹೊದಿಕೆ, ಒಳಗೆ ಮುಷ್ಟಿ ಗಾತ್ರ ಹಿಸುಕಿದ ಆಲೂಗಡ್ಡೆ, ಇಲ್ಲಾ ಕಾಶಾ ಅಂತ ಕರೆಯೋ ಬಕ್‌ವೀಟ್ ನುಚ್ಚು. ಇದರ ಜೀವ ಇರೋದು ಈರುಳ್ಳೀಲಿ. ಸಣ್ಣ ಉರೀಲಿ ಕಂದು ಬಣ್ಣಕ್ಕೆ ತಿರುಗಿ ಸಿಹಿಯಾಗೋ ತನಕ ಬಾಡಿಸ್ಬೇಕು. ಅಲ್ಲಿ ಅವಸರ ಮಾಡಿದ್ರೆ ಭಾವ ಹೇಳಿದ್ದೇ ನಿಜ ಆಗುತ್ತೆ.

ಹಳೇ ಪದ್ಧತೀಲಿ ಆ ಈರುಳ್ಳಿಗೆ ಶ್ಮಾಲ್ಟ್ಸ್, ಅಂದ್ರೆ ಕಾಯಿಸಿದ ಕೋಳಿ ಕೊಬ್ಬು. ಯಹೂದಿಗಳ ಆಹಾರ ನಿಯಮದಲ್ಲಿ ಹಂದಿ ಕೊಬ್ಬು ನಿಷಿದ್ಧ, ಬೆಣ್ಣೆ ಹಾಕಿದ್ರೆ ಮಾಂಸದ ಜೊತೆ ತಿನ್ನೋ ಹಾಗಿಲ್ಲ, ಇನ್ನೇನು ಮಾಡ್ತಾರೆ? ಸಸ್ಯಾಹಾರಿಗಳು ಕೇಳಿ ತಿನ್ನಿ. ಕೋಷರ್, ಅಂದ್ರೆ ಆ ನಿಯಮ ಪಾಲಿಸೋ ಅಂಗಡೀಲಿ 'ಡೇರಿ' ಅಂತ ಬರೆದಿದ್ರೆ ಮಾಂಸ, ಕೋಳಿ ಕೊಬ್ಬು ಇರಲ್ಲ, ಮೊಟ್ಟೆ ಇರಬಹುದು.

ಈ ಸಪ್ಪೆ ತಿಂಡಿಗೋಸ್ಕರ ಜಗಳಾನೂ ಆಗಿದೆ. 1916ರಲ್ಲಿ ಇಲ್ಲಿನ ರಿವಿಂಗ್‌ಟನ್ ಬೀದೀಲಿ ಅಂಗಡಿಯವರು ಪೈಪೋಟಿಗೆ ಬಿದ್ದು 5 ಸೆಂಟಿನ ಕ್ನಿಶ್ಶನ್ನ 3 ಸೆಂಟಿಗೆ ಇಳಿಸಿದ್ರು. ಸುದ್ದಿ ಪೇಪರಿಗೂ ಬಂತು.

ಕೋನಿ ಐಲ್ಯಾಂಡ್ ಅನ್ನೋ ಹೆಸರಲ್ಲಿ ಗಾಡೀಲಿ ಮಾರೋ ಚೌಕದ, ಎಣ್ಣೇಲಿ ಕರಿದ ಕ್ನಿಶ್ ನನಗೆ ಸೇರಲ್ಲ. ಮೈಕ್ರೋವೇವಲ್ಲಿಟ್ರಂತೂ ಚರ್ಮ ಜಗಿದ ಹಾಗೆ. ದುಂಡಗಿನ, ಓವನ್‌ನಲ್ಲಿ ಬೇಯಿಸಿದ್ದೇ ಬೇಕು. ಹೌಸ್ಟನ್ ಬೀದಿಯ ಯೋನಾ ಶಿಮೆಲ್ ಅಂಗಡಿ 1910ರಿಂದ ಅಲ್ಲೇ ಇದೆ. ಒಲೆ ನೆಲಮಾಳಿಗೇಲಿ. ಪುಟ್ಟ ಲಿಫ್ಟಿನಂಥ ಪೆಟ್ಟಿಗೇಲಿ ತಿಂಡಿ ಮೇಲಕ್ಕೆ ಬರುತ್ತೆ.

ಇನ್ನು ಸಾಸಿವೆ. ಕ್ನಿಶ್ ಜೊತೆ ಕೊಡೋ ಕಂದು ಮಸ್ಟರ್ಡ್ ಮುಟ್ಟದೆ "ಖಾರ ಇಲ್ಲ" ಅನ್ನೋರ ಮೇಲೇ ನನಗೆ ಸಿಟ್ಟು. ಚಟ್ನಿ ಮುಟ್ಟದೆ ಇಡ್ಲಿ ಸಪ್ಪೆ ಅಂದ್ರೆ ಯಾರಾದ್ರೂ ಕೇಳ್ತಾರಾ? ಭಾವಂಗೂ ಹಚ್ಚಿ ಕೊಟ್ಟೆ. ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. "ನಮ್ಮ ಸೌತೆಕಾಯಿ ಸಾಸಿವೆ ಘಾಟು ಕಣಮ್ಮ ಇದು" ಅಂದ್ರು. ಆಮೇಲೆ ನನ್ನ ತಟ್ಟೇಲಿ ಉಳಿದಿದ್ದ ಅರ್ಧಾನೂ ಅವರ ಕಡೆಗೆ ಹೋಯ್ತು.