ಹರಿಕೇನ್ ಮಾದರಿಗೆ ಬೆಳ್ಳಿ ಬಣ್ಣ: ಒಂದು ಸ್ಪಷ್ಟನೆ

‘ಯುದ್ಧಕಾಲದ ವಿಮಾನ ಹಳತಾಗಿ ಕಾಣಬೇಕಾ? ಮೈತುಂಬಾ ಬೆಳ್ಳಿ ಬಣ್ಣ ಚುಕ್ಕಿಸಿ’ ಎಂಬ ಸಲಹೆ ವಿಮಾನಗಳ ಪುಟ್ಟ ಮಾದರಿ ಕಟ್ಟುವವರ ನಡುವೆ ಹರಿದಾಡುತ್ತಿದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಹಾಕರ್ ಹರಿಕೇನ್‌ಗೆ ಇದು ತಪ್ಪು. ಅದರ ಹಿಂಭಾಗದ ಒಡಲಿಗೆ, ಚುಕ್ಕಾಣಿಗೆ ಹೊದಿಸಿದ್ದು ಬಟ್ಟೆ. ಬಟ್ಟೆಯ ಬಣ್ಣ ಸವೆದರೆ ಒಳಗಿನಿಂದ ಲೋಹ ಹೇಗೆ ಇಣುಕುತ್ತೆ, ಅಲ್ವಾ? ಮೊದಮೊದಲ ಹರಿಕೇನ್‌ಗಳ ಹೊರ ರೆಕ್ಕೆಗಳೂ ಬಟ್ಟೆಯವೇ. ಲೋಹದ ರೆಕ್ಕೆ ಬಂದದ್ದು 1939ರಿಂದ.

1/32 ಅಳತೆಯ (ನಿಜ ವಿಮಾನದ 32ನೇ ಒಂದು ಭಾಗದ) ಮಾದರಿಯಲ್ಲಿ ರೆಕ್ಕೆಯ ಹರವು ಸುಮಾರು 38 ಸೆಂಟಿಮೀಟರ್. ಇಷ್ಟು ದೊಡ್ಡದರಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ಬೆಳ್ಳಿ ಗೀರುಗಳು ಇಂಜಿನ್ ಮುಚ್ಚಳದ ಅಂಚಿಗೆ, ಪೈಲಟ್ ಹತ್ತುವ ಎಡರೆಕ್ಕೆಯ ಬುಡಕ್ಕೆ ಇರಲಿ. ಸ್ಪಂಜಿನ ತುಣುಕಿನಿಂದ ಹಗುರವಾಗಿ ಒತ್ತಿದರೆ ಸಾಕು. ಬಟ್ಟೆಯ ಜಾಗಕ್ಕೆ ಮಾಸಿದ ಬಣ್ಣ, ಧೂಳು ಚೆನ್ನಾಗಿ ಒಪ್ಪುತ್ತವೆ. ಇಂಜಿನ್ ಹೊಗೆ ಹೊರಬಿಡುವ ನಿಷ್ಕಾಸ ಕೊಳವೆಯ ಹಿಂದೆ ಮಸಿಯನ್ನು ಮಾತ್ರ ಮರೆಯಬೇಡಿ.